ಶಾಲಿಗೂ ಅಳತೆ ತುಂಡು ಬೇಕು

ಸ್ವೆಟರಾದರೆ ಮೈಗೆ ಸರಿಯಾಗಿ ಕೂರಬೇಕು, ಶಾಲಿಗೇಕೆ ಅಳತೆಯ ಗೊಡವೆ, ನಾಲ್ಕು ಬೆರಳು ಹೆಚ್ಚಾದರೂ ಹೊದೆಯಬಹುದು, ಕಡಿಮೆಯಾದರೂ ಹೊದೆಯಬಹುದು. ಹೆಣಿಗೆ ಹಾಕುವವರ ನಡುವೆ ಈ ಮಾತು ಓಡಾಡುತ್ತಲೇ ಇರುತ್ತದೆ. ಅಗಲದ ಮಟ್ಟಿಗೆ ಮಾತು ನಿಜವೇ. ಆದರೆ 10 ಸೆಂ.ಮೀ.ಗೆ ಎಷ್ಟು ಸ್ಟಿಚ್ ಬೀಳುತ್ತದೆ ಎಂಬುದು ಅಗಲವನ್ನಷ್ಟೇ ತೀರ್ಮಾನಿಸುವುದಿಲ್ಲ. ಶಾಲು ಹೆಗಲಿನಿಂದ ಮೆತ್ತಗೆ ಇಳಿಯುತ್ತದೋ ರಟ್ಟಿನ ಹಾಗೆ ಸೆಟೆದು ನಿಲ್ಲುತ್ತದೋ, ಐದು ಉಂಡೆ ಉಲ್ಲನ್ ಸಾಕೋ ಏಳು ಬೇಕೋ, ಒಮ್ಮೆ ತೊಳೆದ ಮೇಲೆ ಎಷ್ಟು ಉದ್ದ ಎಳೆದುಕೊಳ್ಳುತ್ತದೆ, ಈ ಮೂರೂ ಅದರಲ್ಲೇ ಅಡಗಿವೆ. ಹಾಗಾಗಿ ಶಾಲಿಗೆ ಅಳತೆ ತುಂಡು, ಅಂದರೆ ಮೊದಲೇ ಹೆಣೆದು ಎಣಿಸಿ ನೋಡುವ ಮಾದರಿ ಚೂರು, ಸ್ವೆಟರಿಗಿಂತ ಕಡಿಮೆ ಮುಖ್ಯವಲ್ಲ. ಅದನ್ನು ನೋಡುವ ಕಣ್ಣು ಮಾತ್ರ ಬೇರೆ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು (ಹೊಸ ಭತ್ತದ ತೆನೆ) ತೆಗೆಯಲು ಗದ್ದೆಗೆ ಹೋಗುವಾಗ ಹೊದೆಯಲು ಶಾಲು ಬೇಕೆಂದರೆ, ಕಕ್ಕಡದ (ಜುಲೈ-ಆಗಸ್ಟಿನಲ್ಲಿ ಬರುವ ಕೊಡವ ತಿಂಗಳು) ಮಳೆಯಲ್ಲಿ ಹೊರಗೆ ಕೆಲಸವಿಲ್ಲದೆ ಕೂತಿರುವಾಗಲೇ ಕಡ್ಡಿ ಹಿಡಿಯುವುದು ಅನುಕೂಲ. ಆದರೆ ಆ ತಿಂಗಳಲ್ಲಿ ಮನೆಯೊಳಗಿನ ಗಾಳಿಯಲ್ಲೇ ನೀರಿರುತ್ತದೆ. ಉಣ್ಣೆಗೆ ಗಾಳಿಯ ತೇವ ಹೀರುವ ಗುಣ ಬಹಳ. ತನ್ನ ತೂಕದ ಮೂರನೇ ಒಂದು ಪಾಲಿಗೆ ಹತ್ತಿರ ನೀರು ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಬಿದಿರಿನ ಕಡ್ಡಿಯೂ ತೇವ ಹಿಡಿದು ನೂಲನ್ನು ಜಾರಗೊಡುವುದಿಲ್ಲ. ಜುಲೈನಲ್ಲಿ ಬಿದಿರು ಕಡ್ಡಿಯಲ್ಲಿ ಅಳತೆ ತುಂಡು ಹಾಕಿ, ಶಾಲನ್ನು ಡಿಸೆಂಬರಿನಲ್ಲಿ ಅಲ್ಯೂಮಿನಿಯಂ ಕಡ್ಡಿಯಲ್ಲಿ ಹೆಣೆದರೆ ಎರಡೂ ಒಂದೇ ಬಟ್ಟೆ ಆಗುವುದಿಲ್ಲ. ಯಾವ ಕಡ್ಡಿಯಲ್ಲಿ ಶಾಲು ಹಾಕುತ್ತೀರೋ ಅದೇ ಕಡ್ಡಿಯಲ್ಲಿ ತುಂಡನ್ನೂ ಹಾಕಿ. ಅಳತೆ ಒಂದೇ ಇದ್ದು ಕಡ್ಡಿ ಬೇರೆಯದಾದರೂ ಸಾಲದು.

ಮೊದಲು ನಂಬರಿನ ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಅಂಗಡಿಗಳಲ್ಲಿ ‘ಎಂಟು ನಂಬರು ಕಡ್ಡಿ ಕೊಡಿ’ ಎಂದರೆ ಸಿಗುವುದು ಹಳೆಯ ಬ್ರಿಟಿಷ್ ಲೆಕ್ಕದ ಎಂಟು, ಅಂದರೆ 4 ಮಿ.ಮೀ. ಈ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣಗಾಗುತ್ತದೆ. ಅಮೆರಿಕನ್ ಲೆಕ್ಕ ಇದಕ್ಕೆ ತಿರುಗಾಮುರುಗಾ, ನಂಬರು ಏರಿದಷ್ಟೂ ಕಡ್ಡಿ ದಪ್ಪ. ಅವರ ಎಂಟು ಅಂದರೆ 5 ಮಿ.ಮೀ. ಅಮೆರಿಕದವರು ಬರೆದ ವಿನ್ಯಾಸ ನೋಡಿ ಇಲ್ಲಿಯ ಎಂಟು ನಂಬರು ಕೊಂಡರೆ ಪೂರ್ತಿ ಒಂದು ಮಿಲಿಮೀಟರ್ ತಪ್ಪುತ್ತದೆ, ಶಾಲು ಬಿಗಿದುಕೊಂಡು ಗಿಡ್ಡವಾಗುತ್ತದೆ. ನೆನಪಿಟ್ಟುಕೊಳ್ಳಲು ಸುಲಭದ ಸೂತ್ರವೊಂದಿದೆ: ಶಾಲಿಗೆ ಹೆಚ್ಚಾಗಿ ಬಳಸುವ 3.75ರಿಂದ 6 ಮಿ.ಮೀ.ವರೆಗಿನ ಕಡ್ಡಿಗಳಲ್ಲಿ ಎರಡೂ ನಂಬರು ಕೂಡಿಸಿದರೆ 14 ಬರುತ್ತದೆ. ಬ್ರಿಟಿಷ್ 9 ಅಮೆರಿಕನ್ 5, ಅದು 3.75 ಮಿ.ಮೀ. ಬ್ರಿಟಿಷ್ 8 ಅಮೆರಿಕನ್ 6, ಅದು 4. ಏಳು ಎರಡರಲ್ಲೂ ಏಳೇ, 4.5. ಬ್ರಿಟಿಷ್ 6 ಅಮೆರಿಕನ್ 8, ಅದು 5. ಐದಕ್ಕೆ ಒಂಬತ್ತು, 5.5. ನಾಲ್ಕಕ್ಕೆ ಹತ್ತು, 6. ಇದಕ್ಕಿಂತ ಸಣ್ಣ ಕಡ್ಡಿಗಳಿಗೆ ಸೂತ್ರ ಹೊಂದುವುದಿಲ್ಲ. ಒಟ್ಟಿನಲ್ಲಿ ಮಿಲಿಮೀಟರನ್ನೇ ನಂಬಿ, ಮಿಲಿಮೀಟರಲ್ಲೇ ಬರೆದಿಟ್ಟುಕೊಳ್ಳಿ.

ಅಮ್ಮನಿಂದಲೋ ದೊಡ್ಡಮ್ಮನಿಂದಲೋ ಬಂದ ಕಡ್ಡಿಗಳ ತಲೆಯ ಮೇಲಿನ ನಂಬರು ಸವೆದು ಹೋಗಿರುತ್ತದೆ. ತೂತುಗಳಿರುವ ಅಳತೆ ಪಟ್ಟಿ ಇದ್ದರೆ ಕಡ್ಡಿಯ ಮೈ ಯಾವ ತೂತಿನಲ್ಲಿ ಸಡಿಲವೂ ಇಲ್ಲದೆ ಬಿಗಿಯೂ ಇಲ್ಲದೆ ಹೋಗುತ್ತದೋ ಅದೇ ಅಳತೆ. ಚೂಪಾದ ತುದಿ ಹೊಕ್ಕಿತೆಂದು ಅಲ್ಲಿಗೇ ನಿಲ್ಲಿಸಬಾರದು, ಮೈಯೂ ಹೋಗಬೇಕು. ಪಟ್ಟಿ ಇಲ್ಲವಾದರೆ ತೆಳುವಾದ ಕಾಗದದ ಚೂರನ್ನು ಕಡ್ಡಿಗೆ ಒಂದು ಸುತ್ತು ಬಿಗಿಯಾಗಿ ಸುತ್ತಿ, ಕಾಗದದ ಅಂಚು ಬಂದು ಕೂಡುವ ಕಡೆ ಪೆನ್ಸಿಲ್ ಗುರುತು ಹಾಕಿ, ಬಿಚ್ಚಿ ಅಳೆಯಿರಿ. ಸುತ್ತಳತೆ 12.6 ಮಿ.ಮೀ. ಬಂದರೆ ಕಡ್ಡಿ 4, 14.1 ಬಂದರೆ 4.5, 15.7 ಬಂದರೆ 5. ಪಕ್ಕದ ನೀಲಗಿರಿಯಲ್ಲೇ ತಯಾರಾಗುವ ಪೋನಿ ಕಡ್ಡಿಯಾಗಲಿ, ಹೆಸರಿಲ್ಲದ ಪ್ಲಾಸ್ಟಿಕ್ ಕಡ್ಡಿಯಾಗಲಿ, ಒಮ್ಮೆ ಹೀಗೆ ನೋಡಿಬಿಟ್ಟರೆ ಸಂಶಯ ಉಳಿಯುವುದಿಲ್ಲ. ಜೋಡಿಯ ಎರಡೂ ಕಡ್ಡಿಗಳನ್ನು ಅಳೆಯಿರಿ. ಹಳೆಯ ಡಬ್ಬಿಯಲ್ಲಿ 4 ಮತ್ತು 4.5 ಜೊತೆಗೂಡಿ ಜೋಡಿಯ ವೇಷದಲ್ಲಿ ಕೂತಿರುವುದು ಅಪರೂಪವಲ್ಲ. ಅಂಥ ಜೋಡಿಯಲ್ಲಿ ಒಂದು ಸಾಲು ಸಡಿಲ, ಒಂದು ಸಾಲು ಬಿಗಿ ಬಂದು ಬಟ್ಟೆಯ ಮೇಲೆ ಗೆರೆ ಕಾಣುತ್ತದೆ.

ಈಗ ಕಡ್ಡಿ ಆರಿಸುವುದು. ಉಂಡೆಯ ಲೇಬಲ್ಲಿನ ಮೇಲಿರುವ ಕಡ್ಡಿಯ ಅಳತೆ ಸಾಮಾನ್ಯವಾಗಿ ಸ್ವೆಟರಿನಂಥ ಬಟ್ಟೆಗೆ ಕೊಟ್ಟದ್ದು: ಮೊಣಕೈ ಉಜ್ಜಿದರೂ ತಡೆಯಬೇಕು, ಆಕಾರ ಕೆಡಬಾರದು, ಹಾಗಾಗಿ ಸ್ವಲ್ಪ ಗಟ್ಟಿ. ಶಾಲಿಗೆ ಆ ಗಟ್ಟಿತನ ಬೇಡ. ತೆಳು ನಾಲ್ಕೆಳೆ ನೂಲಿನ ಲೇಬಲ್ 3 ಅಥವಾ 3.25 ಎನ್ನುತ್ತದೆ, ಶಾಲಿಗೆ 3.75ರಿಂದ 4.5 ಹಿಡಿಯಿರಿ. ಸ್ವೆಟರಿಗೆ ಬಳಸುವ ಡಿಕೆ (ಡಬಲ್ ನಿಟಿಂಗ್) ದಪ್ಪದ ನೂಲಿಗೆ ಲೇಬಲ್ 4 ಎಂದರೆ ಶಾಲಿಗೆ 4.5ರಿಂದ 5.5. ಇನ್ನೂ ದಪ್ಪ ನೂಲಿಗೆ 6, 6.5ವರೆಗೂ ಹೋಗಬಹುದು. ಕೂದಲೆಳೆಯಂಥ ಲೇಸ್ ನೂಲಿನಲ್ಲಿ ಅಂತರ ಇನ್ನೂ ದೊಡ್ಡದು, 2 ಮಿ.ಮೀ. ಕಡ್ಡಿಗೆ ಹೇಳಿದ ನೂಲನ್ನು 3.5ರಲ್ಲಿ ಹೆಣೆಯುತ್ತಾರೆ.

ಇದು ಆರಂಭದ ಅಂದಾಜು ಮಾತ್ರ. ತೀರ್ಪು ಕೊಡಬೇಕಾದದ್ದು ಬಟ್ಟೆ. 30 ಸ್ಟಿಚ್ ಹಾಕಿಕೊಂಡು 4.5 ಕಡ್ಡಿಯಲ್ಲಿ 20 ಸಾಲು, ನಂತರ 5ರಲ್ಲಿ 20 ಸಾಲು, ನಂತರ 5.5ರಲ್ಲಿ 20 ಸಾಲು ಒಂದೇ ಪಟ್ಟಿಯಾಗಿ ಹೆಣೆಯಿರಿ. ನಡುನಡುವೆ ನಿಟ್ ಬದಿಯಲ್ಲಿ (‘ವಿ’ ಆಕಾರ ಕಾಣುವ ನಯವಾದ ಮುಂಬದಿ) ಒಂದು ಸಾಲು ಪರ್ಲ್ (ಉಬ್ಬು ಬರುವ ಉಲ್ಟಾ ಹೆಣಿಗೆ) ಹಾಕಿದರೆ ಗಡಿ ಗೊತ್ತಾಗುತ್ತದೆ. ಆಮೇಲೆ ಪಟ್ಟಿಯನ್ನು ಮುಷ್ಟಿಯ ಮೇಲೆ ಹೊದಿಸಿ ನೋಡಿ. ಬೆರಳ ಗೆಣ್ಣುಗಳ ನಡುವಿನ ತಗ್ಗಿಗೆ ಬಟ್ಟೆ ತಾನಾಗಿಯೇ ಇಳಿದು ಕೂತರೆ ಆ ಭಾಗದ ಕಡ್ಡಿ ಸರಿ. ಗೆಣ್ಣಿನಿಂದ ಗೆಣ್ಣಿಗೆ ಸೇತುವೆಯ ಹಾಗೆ ನಿಂತರೆ ಬಿಗಿ, ಇನ್ನೂ ಅರ್ಧ ಮಿ.ಮೀ. ದಪ್ಪ ಬೇಕು. ಕಿರುಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ಉಗುರು ಆಚೆ ಬದಿಗೆ ಬಂದುಬಿಟ್ಟರೆ ವಿಪರೀತ ಸಡಿಲ. ಅಂಥ ಬಟ್ಟೆ ಬಳೆಗೂ ಉಂಗುರಕ್ಕೂ ಸಿಕ್ಕಿಕೊಳ್ಳುತ್ತದೆ. ಕೊಡವ ಸೀರೆಯುಟ್ಟವರಿಗೆ ಬಲ ಭುಜದ ಮೇಲೆ ಸೆರಗಿಗೆ ಚುಚ್ಚಿದ ಪಿನ್ನು ಇರುವುದರಿಂದ ಈ ಪರೀಕ್ಷೆ ಅವರಿಗೆ ಇನ್ನಷ್ಟು ಅಗತ್ಯ. ಶಾಲಿನ ಒಂದು ಕುಣಿಕೆ ಪಿನ್ನಿಗೆ ಸಿಕ್ಕಿದರೆ ಆ ಸಾಲಿನ ಎಂಟು ಹತ್ತು ಸ್ಟಿಚ್ ಒಟ್ಟಿಗೆ ಸುಕ್ಕುಗಟ್ಟುತ್ತವೆ.

ಈ ಮೂರು ಕಡ್ಡಿಯ ಪಟ್ಟಿಯಲ್ಲಿ ಎಣಿಕೆ ಮಾಡಲು ಹೋಗಬೇಡಿ. ಒಂದು ಭಾಗ ಪಕ್ಕದ ಭಾಗವನ್ನು ಎಳೆಯುತ್ತಿರುತ್ತದೆ. ಅದು ಕೈಗೆ ಬಟ್ಟೆಯ ಹದ ತಿಳಿಯಲಷ್ಟೇ. ಎಣಿಸಲು ಬೇರೆಯದೇ ತುಂಡು ಬೇಕು, ಮತ್ತು ಅದು ದೊಡ್ಡದಿರಬೇಕು. ಡಿಕೆ ನೂಲು, 5 ಮಿ.ಮೀ. ಕಡ್ಡಿ ಎಂದಿಟ್ಟುಕೊಳ್ಳಿ. 40 ಸ್ಟಿಚ್ ಹಾಕಿ, ಎರಡೂ ಅಂಚಿನ ಮೂರು ಮೂರು ಸ್ಟಿಚ್ ಎಲ್ಲ ಸಾಲಿನಲ್ಲೂ ನಿಟ್ ಮಾಡಿ, ಇಲ್ಲವಾದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ನಡುವಿನ 34ರಲ್ಲಿ ಶಾಲಿಗೆ ಯಾವ ವಿನ್ಯಾಸವೋ ಅದನ್ನೇ ಹಾಕಿ. ಜಾಲಿ ವಿನ್ಯಾಸದ ಶಾಲಿಗೆ ಸಾದಾ ನಿಟ್-ಪರ್ಲ್ ತುಂಡಿನ ಅಳತೆ ಉಪಯೋಗಕ್ಕೆ ಬಾರದು, ತೂತಿರುವ ಬಟ್ಟೆ ಹಿಗ್ಗುವ ರೀತಿಯೇ ಬೇರೆ. ಸುಮಾರು 45 ಸಾಲಾದ ಮೇಲೆ ಸಡಿಲವಾಗಿ ಮುಗಿಸಿ. ಬಿಗಿಯಾಗಿ ಮುಗಿಸಿದರೆ ಮೇಲಿನ ಅಂಚು ಹಿಂಡಿಕೊಂಡು ತುಂಡು ಗಡಿಗೆಯ ಆಕಾರಕ್ಕೆ ಬರುತ್ತದೆ. ನೂಲಿನ ಬಾಲಕ್ಕೆ ಐದು ಗಂಟು ಹಾಕಿಡಿ, 5 ಮಿ.ಮೀ. ಎಂಬ ಗುರುತಿಗೆ. ಕಾಗದದ ಚೀಟಿ ನೀರಲ್ಲಿ ಉಳಿಯುವುದಿಲ್ಲ, ಗಂಟು ಉಳಿಯುತ್ತದೆ.

ಇನ್ನು ತೊಳೆಯದೆ ಅಳೆಯಬೇಡಿ. ಈ ಬರಹದಲ್ಲಿ ಒಂದೇ ಮಾತು ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಿ. ಕಡ್ಡಿಯಿಂದ ಇಳಿಸಿದ ತಕ್ಷಣ ನೂಲು ಇನ್ನೂ ಎಳೆತದಲ್ಲಿರುತ್ತದೆ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಶಾಂಪೂ ಹಾಕಿ ತುಂಡನ್ನು 20 ನಿಮಿಷ ನೆನೆಸಿಡಿ. ಉಜ್ಜಬಾರದು, ಬಿಸಿನೀರಿನಿಂದ ತೆಗೆದು ತಣ್ಣೀರಿಗೆ ಹಾಕಬಾರದು, ಹಾಗೆ ಮಾಡಿದರೆ ಉಣ್ಣೆ ಕಂಬಳಿಯ ಹಾಗೆ ಗಟ್ಟಿಕಟ್ಟುತ್ತದೆ. ಹಿಂಡದೆ, ಟವೆಲಿನಲ್ಲಿ ಸುತ್ತಿ ಮೇಲೆ ಕಾಲಿಟ್ಟು ಒತ್ತಿ ನೀರು ತೆಗೆಯಿರಿ. ಆಮೇಲೆ ಥರ್ಮೋಕೋಲ್ ಹಲಗೆಯ ಮೇಲೆ ಹರಡಿ. ಜಾಲಿ ಶಾಲಾದರೆ ತೂತುಗಳು ತೆರೆಯುವಷ್ಟು ಎಳೆದು ಪಿನ್ನು ಚುಚ್ಚಿ, ಸಾದಾ ಆದರೆ ಎಳೆಯದೆ ಕೈಯಲ್ಲಿ ಸವರಿ ಬಿಡಿ. ಪಿನ್ನು ಸ್ಟೀಲಿನದೇ ಇರಲಿ. ಮಳೆಗಾಲದಲ್ಲಿ ಒಣಗಲು ಎರಡು ಮೂರು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಮಾಮೂಲಿ ಗುಂಡುಪಿನ್ನು ತುಕ್ಕು ಬಿಟ್ಟು ಕಂದು ಚುಕ್ಕೆ ಇಟ್ಟುಬಿಡುತ್ತದೆ, ಆ ಕಲೆ ಹೋಗುವುದಿಲ್ಲ. ಬೇಗ ಒಣಗಲಿ ಎಂದು ಸೌದೆ ಒಲೆಯ ಮೇಲೆ ಕಟ್ಟಬೇಡಿ, ಉಣ್ಣೆ ಹೊಗೆಯ ವಾಸನೆಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತದೆ. ಫ್ಯಾನಿನ ಕೆಳಗೆ, ನಡುವೆ ಒಮ್ಮೆ ಮಗುಚಿ ಒಣಗಿಸಿ. ಒಣಗಿದೆಯೇ ಎಂದು ತಿಳಿಯಲು ಕೈ ಸಾಲದು, ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ, ಅಳೆಯುವ ಹೊತ್ತಾಗಿಲ್ಲ. ಒದ್ದೆ ಉಣ್ಣೆ ಹಿಗ್ಗಿರುತ್ತದೆ, ಒಣಗಿದಾಗ ಹಿಂದಕ್ಕೆ ಸರಿಯುತ್ತದೆ.

ಅಕ್ರಿಲಿಕ್ ನೂಲಿಗೆ ಈ ನೀರಿನ ಉಪಚಾರ ತಾಗುವುದೇ ಇಲ್ಲ. ಒಣಗಿದ ಮೇಲೆ ಮೊದಲಿದ್ದ ಹಾಗೇ ಇರುತ್ತದೆ. ಅದಕ್ಕೆ ಇಸ್ತ್ರಿಯ ಹಬೆ ಬೇಕು, ಇಸ್ತ್ರಿ ಬಟ್ಟೆಗೆ ತಾಗದೆ ಎರಡು ಮೂರು ಸೆಂ.ಮೀ. ಮೇಲೆ ಇರಬೇಕು. ತಾಗಿದರೆ ನೂಲು ಚಪ್ಪಟೆಯಾಗಿ ಹೊಳೆಯತೊಡಗುತ್ತದೆ, ಅದನ್ನು ಮತ್ತೆ ಸರಿಪಡಿಸಲು ಬರುವುದಿಲ್ಲ. ಮೊದಲ ಹಬೆ ತುಂಡಿನ ಮೇಲೆ ಹಾಯಲಿ, ಶಾಲಿನ ಮೇಲಲ್ಲ.

ತುಂಡನ್ನು ಮಟ್ಟಸ ಮೇಜಿನ ಮೇಲಿಟ್ಟು, ಬಟ್ಟೆ ಟೇಪಿನ ಬದಲು ಗಟ್ಟಿ ಸ್ಕೇಲ್ ಇಟ್ಟು ನಡುವಿನ 10 ಸೆಂ.ಮೀ. ಎಣಿಸಿ. ಟೇಪು ಬಟ್ಟೆಯ ಜೊತೆ ಬಾಗುತ್ತದೆ. ಒಂದೊಂದು ‘ವಿ’ ಆಕಾರವೂ ಒಂದು ಸ್ಟಿಚ್. ಎಲ್ಲ ಸಾಲೂ ನಿಟ್ ಇರುವ ಬಟ್ಟೆಯಲ್ಲಿ ಒಂದೊಂದು ಉಬ್ಬು ಗೆರೆಗೆ ಎರಡು ಸಾಲು. ಮೂರು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಕೊನೆಗೆ ಅರ್ಧ ಸ್ಟಿಚ್ ಉಳಿದರೆ ಅದನ್ನೂ ಬರೆದುಕೊಳ್ಳಿ, ಸರಿಸುಮಾರು ಎಂದು ಹದಿನೆಂಟಕ್ಕೆ ಏರಿಸಬೇಡಿ. 300 ಸ್ಟಿಚ್ಚಿನ ಅಂಚಿನಲ್ಲಿ 18 ಮತ್ತು 17.5ರ ನಡುವಿನ ವ್ಯತ್ಯಾಸ ಸುಮಾರು 5 ಸೆಂ.ಮೀ. 5 ಸೆಂ.ಮೀ.ಗಷ್ಟೇ ಎಣಿಸಿ ಎರಡರಿಂದ ಗುಣಿಸುವವರು ಆ ಅರ್ಧ ಸ್ಟಿಚ್ಚಿನ ತಪ್ಪನ್ನೂ ಗುಣಿಸಿಕೊಳ್ಳುತ್ತಾರೆ.

ಒಂದು ಲೆಕ್ಕ ಮಾಡೋಣ. ತೊಳೆದು ಒಣಗಿದ ತುಂಡಿನಲ್ಲಿ 18 ಸ್ಟಿಚ್, 25 ಸಾಲು ಬಂದಿದೆ. ಶಾಲು 50 ಸೆಂ.ಮೀ. ಅಗಲ, 180 ಉದ್ದ. ಅಗಲಕ್ಕೆ 90 ಸ್ಟಿಚ್, ಉದ್ದಕ್ಕೆ 450 ಸಾಲು. ವಿನ್ಯಾಸ 12 ಸ್ಟಿಚ್ಚಿಗೊಮ್ಮೆ ಮರಳುವುದಾದರೆ ಏಳು ಬಾರಿಗೆ 84, ಅಂಚಿಗೆ ಮೂರು ಮೂರು, ಸರಿಯಾಗಿ 90. ಒಟ್ಟು 40,500 ಸ್ಟಿಚ್. ಲೇಬಲ್ ಹೇಳಿದ 4 ಮಿ.ಮೀ. ಕಡ್ಡಿಯಲ್ಲಿ 22 ಸ್ಟಿಚ್, 30 ಸಾಲು ಬರುವುದಾದರೆ ಇದೇ ಶಾಲಿಗೆ 110 ಸ್ಟಿಚ್ಚಿನ 540 ಸಾಲು, ಅಂದರೆ 59,400. ಹತ್ತಿರ ಹತ್ತಿರ ಅರ್ಧದಷ್ಟು ಹೆಚ್ಚು ದುಡಿಮೆ, ಹೆಚ್ಚು ನೂಲು, ಕೈಗೆ ಬರುವುದು ಸೆಟೆದ ಬಟ್ಟೆ. ನಿಮಿಷಕ್ಕೆ 20 ಸ್ಟಿಚ್ ಹಾಕುವ ಕೈಗೆ 40,500ಕ್ಕೆ ಹತ್ತಿರ ಹತ್ತಿರ 34 ಗಂಟೆ. ದಿನಕ್ಕೊಂದು ಗಂಟೆ ಕೂತರೂ ಕಕ್ಕಡದಲ್ಲಿ ಹಿಡಿದದ್ದು ಹುತ್ತರಿಗೆ ಬಹಳ ಮುಂಚೆಯೇ ಮುಗಿಯುತ್ತದೆ.

ನೂಲೆಷ್ಟು ಬೇಕೆಂದು ಅದೇ ತುಂಡು ಹೇಳುತ್ತದೆ. ತುಂಡು 22 ಸೆಂ.ಮೀ. ಅಗಲ, 18 ಎತ್ತರ, ಅಂದರೆ 396 ಚದರ ಸೆಂ.ಮೀ. ತೂಗಿದರೆ 13 ಗ್ರಾಂ. ಶಾಲು 9,000 ಚದರ ಸೆಂ.ಮೀ., ತುಂಡಿನ ಸುಮಾರು 22.7 ಪಟ್ಟು. ಹಾಗಾದರೆ 295 ಗ್ರಾಂ, ಮೇಲೆ ಶೇ. 10 ಸೇರಿಸಿದರೆ 325. ಐವತ್ತು ಗ್ರಾಮಿನ ಏಳು ಉಂಡೆ. ಇಲ್ಲೇ ದೊಡ್ಡ ತುಂಡಿನ ಬೆಲೆ ತಿಳಿಯುವುದು: 10 ಸೆಂ.ಮೀ. ಚೌಕದ ಚಿಕ್ಕ ತುಂಡು 3.3 ಗ್ರಾಂ ತೂಗಬೇಕು, ಆದರೆ ಅಡುಗೆಮನೆಯ ತಕ್ಕಡಿ 3 ಎಂದು ತೋರಿಸುತ್ತದೆ. ಅದನ್ನು 90ರಿಂದ ಗುಣಿಸಿದರೆ 270 ಗ್ರಾಂ, ಶೇ. 10 ಸೇರಿಸಿದರೂ ಆರು ಉಂಡೆಯೊಳಗೆ ಲೆಕ್ಕ ಮುಗಿದುಬಿಡುತ್ತದೆ. ಆರರಲ್ಲಿ ಹೊರಟವರಿಗೆ ಕೊನೆಯ ಅಂಗೈಯಗಲ ತಲುಪುವಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ, ಅಂಗಡಿಗೆ ಹೋದರೆ ಅದೇ ಬಣ್ಣದ ಬೇರೆ ಲಾಟ್ (ಬೇರೆ ಸಲ ಬಣ್ಣ ಹಾಕಿದ ನೂಲು) ಸಿಗುತ್ತದೆ, ಎರಡರ ಬಣ್ಣ ಹಗಲ ಬೆಳಕಲ್ಲಿ ಬೇರೆಯಾಗಿಯೇ ಕಾಣುತ್ತದೆ. ಉಂಡೆ ಕೊಳ್ಳುವಾಗಲೇ ಎಲ್ಲದರ ಲಾಟ್ ನಂಬರು ಒಂದೇ ಇದೆಯೇ ನೋಡಿ. ಮತ್ತೆ, ತುಂಡನ್ನೂ ಉಳಿದ ಉಂಡೆಗಳನ್ನೂ ಒಂದೇ ದಿನ ತೂಗಿ. ಮೊದಲೇ ಹೇಳಿದ ತೇವದ ಕಾರಣಕ್ಕೆ ಮಳೆ ಹಿಡಿದ ವಾರದ ಉಣ್ಣೆ ಬಿಸಿಲು ಬಿದ್ದ ವಾರಕ್ಕಿಂತ ಹೆಚ್ಚು ತೂಗುತ್ತದೆ. 300 ಗ್ರಾಮಿನಲ್ಲಿ ಶೇ. 5 ವ್ಯತ್ಯಾಸವಾದರೂ 15 ಗ್ರಾಂ.

ಎಣಿಕೆ ಹೊಂದದಿದ್ದರೆ? 10 ಸೆಂ.ಮೀ.ಗೆ ಬೇಕಾದದ್ದಕ್ಕಿಂತ ಹೆಚ್ಚು ಸ್ಟಿಚ್ ಬಂದಿದ್ದರೆ ದಪ್ಪ ಕಡ್ಡಿ, ಕಡಿಮೆ ಬಂದಿದ್ದರೆ ಸಣ್ಣ ಕಡ್ಡಿ. ಅರ್ಧ ಮಿ.ಮೀ.ಗೆ ಒಂದರಿಂದ ಎರಡು ಸ್ಟಿಚ್ ಬದಲಾಗುತ್ತದೆ. ಕಡ್ಡಿ ಬದಲಿಸದೆ ಬೇಕೆಂದೇ ಕೈ ಸಡಿಲಿಸಿ ಹೆಣೆಯುತ್ತೇನೆ ಎನ್ನುವುದು ನಡೆಯುವುದಿಲ್ಲ, ಹತ್ತು ಸಾಲಿನೊಳಗೆ ಕೈ ತನ್ನ ರೂಢಿಗೆ ಮರಳುತ್ತದೆ. ಪರ್ಲ್ ಸಾಲು ಮಾತ್ರ ಸಡಿಲವಾಗಿ, ಬಟ್ಟೆಯ ಹಿಂಬದಿಯಲ್ಲಿ ಜೋಡಿ ಜೋಡಿ ಗೆರೆ ಕಂಡರೆ ಪರ್ಲ್ ಕಡೆಯ ಕಡ್ಡಿಯನ್ನು ಅರ್ಧ ಮಿ.ಮೀ. ಸಣ್ಣದು ಮಾಡಿ. ಸ್ಟಿಚ್ ಹೊಂದಿ ಸಾಲು ಹೊಂದದಿದ್ದರೆ ಚೌಕ ಶಾಲಿನಲ್ಲಿ ಚಿಂತೆಯಿಲ್ಲ, ನಾಲ್ಕು ಸಾಲು ಹೆಚ್ಚು ಹಾಕಿದರಾಯಿತು.

ಕತ್ತಿನಿಂದ ಶುರುವಾಗಿ ಬೆಳೆಯುವ ತ್ರಿಕೋನ ಶಾಲಿನಲ್ಲಿ ಆ ಮಾಫಿ ಇಲ್ಲ. ಅಲ್ಲಿ ಎರಡು ಸಾಲಿಗೆ ನಾಲ್ಕು ಸ್ಟಿಚ್ ಏರುತ್ತ ಹೋಗುವುದರಿಂದ ಬೆನ್ನ ಮೇಲಿನ ಉದ್ದವನ್ನು ನಿರ್ಧರಿಸುವುದು ಸಾಲಿನ ಅಳತೆಯೇ. ನೂಲಿನ ಲೆಕ್ಕವೂ ಕಣ್ಣಿಗೆ ಮೋಸ ಮಾಡುತ್ತದೆ. ಅರ್ಧದಷ್ಟು ಸಾಲು ಮುಗಿದಾಗ ಖರ್ಚಾಗಿರುವುದು ಕಾಲು ಭಾಗ ನೂಲು ಮಾತ್ರ, ಇನ್ನೂ ಬೇಕಾದಷ್ಟಿದೆ ಅನ್ನಿಸುತ್ತದೆ. ಶೇ. 70 ಸಾಲು ಮುಗಿದಾಗ ನೂಲು ಅರ್ಧವಾಗಿರುತ್ತದೆ. ಉಳಿದ ಶೇ. 30 ಸಾಲು ಇನ್ನರ್ಧವನ್ನು ನುಂಗುತ್ತದೆ. ವಿನ್ಯಾಸದಲ್ಲಿ ಹೇಳಿದಷ್ಟೇ ಸ್ಟಿಚ್ ಹಾಕಿ, ಗೇಜ್ (10 ಸೆಂ.ಮೀ.ಗೆ ಬೀಳುವ ಸ್ಟಿಚ್ಚಿನ ಅಳತೆ) ಮಾತ್ರ ಸಡಿಲವಾದರೆ ಪ್ರತಿ ಸ್ಟಿಚ್ಚಿಗೂ ನೂಲು ಹೆಚ್ಚು ಹಿಡಿಯುತ್ತದೆ, ಆ ಕೊರತೆ ಬಯಲಾಗುವುದು ಅತಿ ಉದ್ದದ ಕೊನೆಯ ಸಾಲುಗಳಲ್ಲೇ. ಇಂಥ ಶಾಲಿಗೆ 80 ಸೆಂ.ಮೀ. ತಂತಿಯ ವೃತ್ತ ಕಡ್ಡಿ (ಎರಡು ಕಡ್ಡಿಗಳನ್ನು ಬಾಗುವ ತಂತಿ ಕೂಡಿಸಿರುವಂಥದ್ದು) ಬೇಕು. ನೇರ ಕಡ್ಡಿಯಲ್ಲಿ 300 ಸ್ಟಿಚ್ ತುರುಕಿದರೆ ಕುಣಿಕೆಗಳು ಒತ್ತಿಕೊಂಡು ಕೈ ಬಿಗಿಯುತ್ತದೆ, ಗೇಜ್ ಅಲ್ಲಿಂದಲೇ ಬದಲಾಗುತ್ತದೆ.

ಕೊನೆಯ ಉಂಡೆ ಶುರುವಾದ ಮೇಲೆ ಒಂದು ಸಾಲಿನ ಮೊದಲು ಉಂಡೆ ತೂಗಿ, ನಾಲ್ಕು ಸಾಲಾದ ಮೇಲೆ ಮತ್ತೆ ತೂಗಿ. ವ್ಯತ್ಯಾಸದ ನಾಲ್ಕನೇ ಒಂದು ಪಾಲು ಒಂದು ಸಾಲಿನ ಖರ್ಚು. ಮುಗಿಸುವ ಅಂಚಿಗೆ ಅದರ ಎರಡರಷ್ಟಾದರೂ ಬೇರೆ ಎತ್ತಿಟ್ಟುಕೊಂಡು ಉಳಿದದ್ದರಲ್ಲಿ ಎಷ್ಟು ಸಾಲು ಬರುತ್ತದೋ ಅಷ್ಟೇ ಹೆಣೆಯಿರಿ. ಮುಗಿಸುವಾಗ ಬಲಗೈಯ ಕಡ್ಡಿಯನ್ನು ಒಂದು ಮಿ.ಮೀ. ದಪ್ಪದ್ದಕ್ಕೆ ಬದಲಿಸಿ. 5ರಲ್ಲಿ ಹೆಣೆದ ಶಾಲಿಗೆ 6. ಇಪ್ಪತ್ತು ಸ್ಟಿಚ್ ಮುಚ್ಚಿದ ಮೇಲೆ ನಿಲ್ಲಿಸಿ ಅಂಚನ್ನು ಎರಡು ಕೈಯಲ್ಲಿ ಎಳೆದು ನೋಡಿ. ಕೆಳಗಿನ ಬಟ್ಟೆ ಹಿಗ್ಗಿದಷ್ಟೇ ಅಂಚೂ ಹಿಗ್ಗಬೇಕು. ಅಂಚು ಮೊದಲು ನಿಂತುಬಿಟ್ಟರೆ ಆ ಇಪ್ಪತ್ತನ್ನು ಬಿಚ್ಚಿ 6.5ರಲ್ಲಿ ಮತ್ತೆ ಮುಚ್ಚಿ.